ನೂರಕ್ಕೆ ನೂರು ಅನುಮತಿ, ಹತ್ತಕ್ಕೊಂದು ಬಂಕ್

2025ರ ಡಿಸೆಂಬರ್‌ನಲ್ಲಿ ಸಂಸತ್ತು ವಿಮಾ ಕಾನೂನುಗಳಿಗೆ ತಿದ್ದುಪಡಿ ತಂದು, ವಿಮಾ ಕಂಪನಿಗಳಲ್ಲಿ ವಿದೇಶಿ ನೇರ ಹೂಡಿಕೆಯ ಮಿತಿಯನ್ನು ಶೇ 74ರಿಂದ ಶೇ 100ಕ್ಕೆ ಏರಿಸಿತು. ಖಾಸಗಿ ಕಂಪನಿಗಳಿಗೆ ಅಣುವಿದ್ಯುತ್ ಕ್ಷೇತ್ರವನ್ನು ತೆರೆಯುವ ಮಸೂದೆಯೂ ಅದೇ ವಾರ ಅಂಗೀಕಾರವಾಯಿತು. ಅದೇ ತಿಂಗಳು ಇನ್ನೊಂದು ಸುದ್ದಿ ಬಂದಿತ್ತು. ದೇಶದ ಪೆಟ್ರೋಲ್ ಬಂಕ್‌ಗಳ ಸಂಖ್ಯೆ ಒಂದು ಲಕ್ಷ ದಾಟಿದೆ, ಅವುಗಳಲ್ಲಿ ಹತ್ತಕ್ಕೆ ಒಂಬತ್ತು ಬಂಕ್‌ಗಳು ಸರ್ಕಾರಿ ಒಡೆತನದ ಮೂರು ಕಂಪನಿಗಳ (ಇಂಡಿಯನ್ ಆಯಿಲ್, ಭಾರತ್ ಪೆಟ್ರೋಲಿಯಂ, ಹಿಂದೂಸ್ತಾನ್ ಪೆಟ್ರೋಲಿಯಂ) ಹೆಸರಿನಲ್ಲಿವೆ ಎಂಬುದು ಆ ಸುದ್ದಿ.

ಈ ಸುದ್ದಿಗಳನ್ನು ಪಕ್ಕಪಕ್ಕದಲ್ಲಿಟ್ಟು ಓದಿದರೆ ಗೊಂದಲವಾಗುತ್ತದೆ. ಪೆಟ್ರೋಲ್, ಡೀಸೆಲ್ ಮಾರಾಟದಲ್ಲಿ ಶೇ 100ರಷ್ಟು ವಿದೇಶಿ ಹೂಡಿಕೆಗೆ ಅನುಮತಿ ಸಿಕ್ಕು ಹಲವು ವರ್ಷಗಳಾಗಿವೆ. ಯಾವ ಕಾನೂನೂ ಯಾರನ್ನೂ ತಡೆದಿಲ್ಲ. ಆದರೂ ಬಂದವರು ಬೆರಳೆಣಿಕೆಯಷ್ಟು ಕಂಪನಿಗಳು. ಬಂದವುಗಳಲ್ಲಿ ಹೆಚ್ಚಿನವು ಸ್ವಂತ ಬಲದಲ್ಲಿ ಬರಲಿಲ್ಲ. ವಿಮೆಯ ವಿಷಯದಲ್ಲಿ ಈಗ ವಾದಿಸುತ್ತಿರುವ ಎರಡೂ ಗುಂಪುಗಳು ಒಂದು ಮಾತನ್ನು ಚರ್ಚೆಯಿಲ್ಲದೆ ಒಪ್ಪಿಕೊಂಡಿವೆ: ಮಿತಿ ತೆಗೆದರೆ ವಿದೇಶಿ ಕಂಪನಿಗಳು ನುಗ್ಗುತ್ತವೆ. ಒಂದು ಗುಂಪಿಗೆ ಅದು ಸಂಭ್ರಮ, ಇನ್ನೊಂದಕ್ಕೆ ಆತಂಕ. ಪೆಟ್ರೋಲ್ ಬಂಕ್‌ಗಳ ಇತಿಹಾಸ ನೋಡಿದರೆ ಸಂಭ್ರಮಕ್ಕೂ ಆತಂಕಕ್ಕೂ ಅಷ್ಟು ಆಧಾರ ಕಾಣುವುದಿಲ್ಲ. ಸರ್ಕಾರಿ ಕಂಪನಿಯೊಂದು ಬಲವಾಗಿ ಬೇರೂರಿದ ಕ್ಷೇತ್ರದಲ್ಲಿ ಹೂಡಿಕೆ ಮಿತಿಯ ಪ್ರಶ್ನೆ ಮೊದಲನೆಯದಲ್ಲ, ಎಷ್ಟೋ ಸಲ ಕೊನೆಯದು.

ವಿದೇಶಿಯರು ಮೊದಲೇ ಇದ್ದರು

ಸ್ವಾತಂತ್ರ್ಯ ಬಂದಾಗ ಭಾರತದ ತೈಲ ಮಾರುಕಟ್ಟೆ ಇದ್ದದ್ದೇ ವಿದೇಶಿಯರ ಕೈಯಲ್ಲಿ. ಬರ್ಮಾ ಶೆಲ್, ಎಸ್ಸೊ, ಕ್ಯಾಲ್ಟೆಕ್ಸ್ ಎಂಬ ಮೂರು ಕಂಪನಿಗಳು ಐವತ್ತರ ದಶಕದಲ್ಲಿ ಮುಂಬೈ ಮತ್ತು ವಿಶಾಖಪಟ್ಟಣದಲ್ಲಿ ತೈಲ ಶುದ್ಧೀಕರಣ ಘಟಕಗಳನ್ನೂ ಕಟ್ಟಿದವು. 1960ರಲ್ಲಿ ಸೋವಿಯತ್ ಒಕ್ಕೂಟ ಅಗ್ಗದ ಕಚ್ಚಾ ತೈಲ ಕೊಡಲು ಮುಂದಾದಾಗ, ಅದನ್ನು ತಮ್ಮ ಘಟಕಗಳಲ್ಲಿ ಸಂಸ್ಕರಿಸಲು ಈ ಕಂಪನಿಗಳು ಒಪ್ಪಲಿಲ್ಲ. ಆಗಿನ್ನೂ ಒಂದು ವರ್ಷದ ಕೂಸಾಗಿದ್ದ ಇಂಡಿಯನ್ ಆಯಿಲ್ ಕಂಪನಿಯನ್ನು ಬೆಳೆಸಲೇಬೇಕು ಎಂಬ ದೆಹಲಿಯ ಹಠಕ್ಕೆ ಈ ನಿರಾಕರಣೆ ದೊಡ್ಡ ಕಾರಣವಾಯಿತು.

1974ರಿಂದ ನಾಲ್ಕು ವರ್ಷಗಳ ಅವಧಿಯಲ್ಲಿ ಮೂರೂ ವಿದೇಶಿ ಕಂಪನಿಗಳು ಸರ್ಕಾರದ ವಶವಾದವು. ಎಸ್ಸೊ ಮತ್ತು ಕ್ಯಾಲ್ಟೆಕ್ಸ್ ಸೇರಿ ಹಿಂದೂಸ್ತಾನ್ ಪೆಟ್ರೋಲಿಯಂ ಆಯಿತು, ಬರ್ಮಾ ಶೆಲ್ ಭಾರತ್ ಪೆಟ್ರೋಲಿಯಂ ಆಯಿತು. ಹೆಚ್ಚು ಜನ ಗಮನಿಸದ ಒಂದು ಅಂಶ ಇಲ್ಲಿದೆ. ಸ್ವಾಧೀನದ ಕಾಯ್ದೆಗಳು ಹಳೆಯ ಕಂಪನಿಗಳ ಗುತ್ತಿಗೆ ಜಾಗಗಳನ್ನು ಅದೇ ಷರತ್ತುಗಳ ಮೇಲೆ ನವೀಕರಿಸಿಕೊಳ್ಳುವ ಹಕ್ಕನ್ನೂ ಸರ್ಕಾರಕ್ಕೆ ಕೊಟ್ಟವು. ನಗರಗಳ ಮುಖ್ಯ ರಸ್ತೆಗಳಲ್ಲಿ ದಶಕಗಳ ಹಿಂದಿನ ಬಾಡಿಗೆಗೇ ಬಂಕ್‌ಗಳು ಮುಂದುವರಿದವು. ಜಾಗದ ಮಾಲೀಕರು ಇದರ ವಿರುದ್ಧ ವರ್ಷಗಟ್ಟಲೆ ನ್ಯಾಯಾಲಯಗಳಿಗೆ ಅಲೆದರು. ಹೊಸದಾಗಿ ಬರುವ ಕಂಪನಿ ಅದೇ ರಸ್ತೆಯಲ್ಲಿ ಇಂದಿನ ಭೂಮಿ ಬೆಲೆಗೆ ಜಾಗ ಹುಡುಕಬೇಕು. ಸ್ಪರ್ಧೆ ಶುರುವಾಗುವ ಮೊದಲೇ ಖರ್ಚಿನಲ್ಲಿ ಇಷ್ಟು ಅಂತರ ಬಿದ್ದಿರುತ್ತದೆ.

2002ರ ಆಹ್ವಾನ, 2008ರ ಬೀಗ

2002ರ ಏಪ್ರಿಲ್ 1ರಂದು ಸರ್ಕಾರ ತೈಲ ಬೆಲೆಯ ಆಡಳಿತಾತ್ಮಕ ನಿಯಂತ್ರಣವನ್ನು ಕೊನೆಗೊಳಿಸಿತು. ತೈಲ ಮೂಲಸೌಕರ್ಯದಲ್ಲಿ 2,000 ಕೋಟಿ ರೂಪಾಯಿ ಹೂಡಿದ, ಅಥವಾ ಹೂಡಲು ಬದ್ಧವಾದ ಖಾಸಗಿ ಕಂಪನಿಗಳು ಬಂಕ್ ತೆರೆಯಬಹುದು ಎಂದಿತು. ರಿಲಯನ್ಸ್ ಮತ್ತು ಎಸ್ಸಾರ್ ಮುಂದೆ ಬಂದವು. ವಿದೇಶಿ ಕಂಪನಿಗಳಲ್ಲಿ ಶೆಲ್ ಬಂತು. ಗುಜರಾತಿನ ಹಜೀರಾದಲ್ಲಿ ದ್ರವೀಕೃತ ಅನಿಲದ ಟರ್ಮಿನಲ್‌ಗೆ ಹಣ ಹಾಕಿದ್ದ ಶೆಲ್‌ಗೆ ಸುಮಾರು 2,000 ಬಂಕ್‌ಗಳಿಗೆ ಪರವಾನಗಿ ಸಿಕ್ಕಿತು. ರಿಲಯನ್ಸ್ ಹೆದ್ದಾರಿಗಳ ಬದಿಯಲ್ಲಿ 1,400ಕ್ಕೂ ಹೆಚ್ಚು ಬಂಕ್ ಕಟ್ಟಿ, ಲಾರಿ ಚಾಲಕರನ್ನು ಸೆಳೆದು, ಡೀಸೆಲ್ ಮಾರಾಟದಲ್ಲಿ ಗಣನೀಯ ಪಾಲು ಪಡೆಯಿತು.

ಆಮೇಲೆ ಕಚ್ಚಾ ತೈಲದ ಬೆಲೆ ಏರತೊಡಗಿತು. 2008ರ ಜುಲೈನಲ್ಲಿ ಬ್ಯಾರೆಲ್‌ಗೆ 147 ಡಾಲರ್ ಮುಟ್ಟಿತು. ನಿಯಂತ್ರಣ ಹೋಗಿದೆ ಎಂದು ಕಾಗದದಲ್ಲಿತ್ತಾದರೂ, ಬಂಕ್‌ನ ದರವನ್ನು ಅದೇ ಪ್ರಮಾಣದಲ್ಲಿ ಏರಿಸಲು ಸರ್ಕಾರ ಬಿಡಲಿಲ್ಲ. ಮೂರು ಸರ್ಕಾರಿ ಕಂಪನಿಗಳು ನಷ್ಟದಲ್ಲಿ ಮಾರಿದವು. ಆ ನಷ್ಟವನ್ನು ತುಂಬಲು ಎರಡು ದಾರಿಗಳಿದ್ದವು. ಕೇಂದ್ರ ಸರ್ಕಾರ ಅವುಗಳಿಗೆ ಹಣದ ಬದಲು ಮುಂದೆ ತೀರಿಸುವ ಸಾಲಪತ್ರಗಳನ್ನು, ಅಂದರೆ ತೈಲ ಬಾಂಡ್‌ಗಳನ್ನು ಕೊಟ್ಟಿತು; 2010ರ ಹೊತ್ತಿಗೆ ಇವುಗಳ ಮೊತ್ತ 1.4 ಲಕ್ಷ ಕೋಟಿ ರೂಪಾಯಿಯ ಆಸುಪಾಸಿಗೆ ಬಂದಿತ್ತು. ಜೊತೆಗೆ ಒಎನ್‌ಜಿಸಿಯಂತಹ ಸರ್ಕಾರಿ ತೈಲ ಉತ್ಪಾದಕರು ಈ ಕಂಪನಿಗಳಿಗೆ ರಿಯಾಯಿತಿ ದರದಲ್ಲಿ ಕಚ್ಚಾ ತೈಲ ಕೊಡಬೇಕಾಯಿತು.

ಖಾಸಗಿ ಕಂಪನಿಗಳಿಗೆ ಬಾಂಡೂ ಇಲ್ಲ, ರಿಯಾಯಿತಿಯೂ ಇಲ್ಲ. ಪಕ್ಕದ ಸರ್ಕಾರಿ ಬಂಕ್‌ನಲ್ಲಿ ಅಗ್ಗದ ಡೀಸೆಲ್ ಸಿಗುವಾಗ ದುಬಾರಿ ಬಂಕ್‌ಗೆ ಯಾವ ಲಾರಿಯೂ ಬರುವುದಿಲ್ಲ; ಅಗ್ಗವಾಗಿ ಮಾರಿದರೆ ಪ್ರತಿ ಲೀಟರ್‌ಗೂ ಕೈಯಿಂದ ಹಣ ಹೋಗುತ್ತದೆ. 2008ರಲ್ಲಿ ರಿಲಯನ್ಸ್ ತನ್ನ ಬಂಕ್‌ಗಳನ್ನು ಮುಚ್ಚಿತು. ಶೆಲ್‌ನ ವಿಸ್ತರಣೆ ನಿಂತುಹೋಯಿತು. ದೇಶದ ಅತಿ ದೊಡ್ಡ ಶುದ್ಧೀಕರಣ ಘಟಕ ಇಟ್ಟುಕೊಂಡ ಸ್ವದೇಶಿ ಕಂಪನಿಯೇ ಬಾಗಿಲು ಹಾಕಬೇಕಾದ ಮಾರುಕಟ್ಟೆಗೆ ಹೊಸ ವಿದೇಶಿ ಕಂಪನಿ ಏಕೆ ಬಂದೀತು?

ಕಡಿಮೆ ದರ ಅಲ್ಲ, ಗೊತ್ತಾಗದ ದರ

ಇಲ್ಲಿ ಒಂದು ತಪ್ಪು ತಿಳಿವಳಿಕೆಯನ್ನು ಬಿಡಿಸಬೇಕು. ಸರ್ಕಾರಿ ಕಂಪನಿಗಳು ಅಗ್ಗವಾಗಿ ಮಾರುವುದರಿಂದ ವಿದೇಶಿಯರು ಬರುವುದಿಲ್ಲ ಎಂದು ಸಾಮಾನ್ಯವಾಗಿ ಹೇಳುತ್ತಾರೆ. ಅದು ಅರ್ಧ ಸತ್ಯ. ನ್ಯಾಯಬೆಲೆ ಅಂಗಡಿಯ ಪಕ್ಕದಲ್ಲಿ ಅಕ್ಕಿ ಅಂಗಡಿ ಇಡುವವನಿಗೆ ರೇಷನ್ ಅಕ್ಕಿ ಅಗ್ಗ ಎಂಬುದು ಗೊತ್ತಿರುತ್ತದೆ. ಅವನು ಸೋನಾ ಮಸೂರಿ ತರಿಸಿ ಬದುಕಿಕೊಳ್ಳುತ್ತಾನೆ. ಯಾವ ತಿಂಗಳು ಸೋನಾ ಮಸೂರಿಯೂ ರೇಷನ್ ದರಕ್ಕೆ ಬರುತ್ತದೆ, ಯಾವ ತಿಂಗಳು ಬರುವುದಿಲ್ಲ ಎಂಬುದು ತಿಳಿಯದಿದ್ದರೆ ಮಾತ್ರ ಅವನಿಗೆ ಅಂಗಡಿ ನಡೆಸಲಾಗದು.

ಪೆಟ್ರೋಲ್ ದರವನ್ನು 2010ರ ಜೂನ್‌ನಲ್ಲಿ, ಡೀಸೆಲ್ ದರವನ್ನು 2014ರ ಅಕ್ಟೋಬರ್‌ನಲ್ಲಿ ಮುಕ್ತಗೊಳಿಸಲಾಯಿತು. ನಡುವೆ 2012–13ರ ಒಂದೇ ವರ್ಷದಲ್ಲಿ ಡೀಸೆಲ್, ಸೀಮೆಎಣ್ಣೆ ಮತ್ತು ಅಡುಗೆ ಅನಿಲವನ್ನು ಕಡಿಮೆ ದರಕ್ಕೆ ಮಾರಿದ್ದರಿಂದ ಬಿದ್ದ ಕೊರತೆ 1.61 ಲಕ್ಷ ಕೋಟಿ ರೂಪಾಯಿ ಎಂಬುದನ್ನು ನೆನೆದರೆ, ಈ ಸುಧಾರಣೆಯ ಅಗತ್ಯ ಎಷ್ಟಿತ್ತು ಎಂಬುದು ತಿಳಿಯುತ್ತದೆ. 2017ರ ಜೂನ್ 16ರಿಂದ ದರ ಪ್ರತಿದಿನ ಬದಲಾಗುವ ಪದ್ಧತಿ ಬಂತು. ಇನ್ನು ಬೆಲೆಗೂ ರಾಜಕೀಯಕ್ಕೂ ಸಂಬಂಧ ಇಲ್ಲ ಎಂದು ಹಲವರು ನಂಬಿದರು.

ಆ ನಂಬಿಕೆಗೆ ಮೊದಲ ಪೆಟ್ಟು ಬಿದ್ದದ್ದು ಕರ್ನಾಟಕದ ಚುನಾವಣೆಯಲ್ಲಿ. 2018ರ ಮೇ 12ರ ವಿಧಾನಸಭಾ ಮತದಾನಕ್ಕೆ ಮುನ್ನ, ಪ್ರತಿದಿನ ಬದಲಾಗಬೇಕಿದ್ದ ದರ ಸುಮಾರು ಮೂರು ವಾರ ಒಂದು ಪೈಸೆಯೂ ಅಲುಗಾಡಲಿಲ್ಲ. ಮತದಾನ ಮುಗಿದ ಎರಡೇ ದಿನಕ್ಕೆ ಏರಿಕೆ ಶುರುವಾಯಿತು. ಅದೇ ವರ್ಷ ಅಕ್ಟೋಬರ್‌ನಲ್ಲಿ ಸರ್ಕಾರ ಅಬಕಾರಿ ಸುಂಕವನ್ನು ಒಂದೂವರೆ ರೂಪಾಯಿ ಇಳಿಸಿ, ಇನ್ನೊಂದು ರೂಪಾಯಿಯನ್ನು ಕಂಪನಿಗಳೇ ಹೊರಬೇಕು ಎಂದಿತು. ಮುಕ್ತ ದರ ಎಂದು ನಂಬಿ ಷೇರು ಕೊಂಡವರು ಬೆಚ್ಚಿ ಮಾರಿದರು, ಷೇರುಗಳು ಕುಸಿದವು. 2021ರ ನವೆಂಬರ್‌ನಿಂದ 2022ರ ಮಾರ್ಚ್ 22ರವರೆಗೆ, ಉತ್ತರ ಪ್ರದೇಶವೂ ಸೇರಿದಂತೆ ಐದು ರಾಜ್ಯಗಳ ಚುನಾವಣೆ ಮುಗಿಯುವ ತನಕ, ದರ 137 ದಿನ ಸ್ಥಿರವಾಗಿತ್ತು. ಅದರ ಮಧ್ಯೆಯೇ ಉಕ್ರೇನ್ ಯುದ್ಧ ಶುರುವಾಗಿ ಕಚ್ಚಾ ತೈಲ ನೂರು ಡಾಲರ್ ದಾಟಿತ್ತು. ಏಪ್ರಿಲ್‌ನಿಂದ ಮತ್ತೆ ತಡೆ.

2022ರ ಜೂನ್‌ನಲ್ಲಿ ತೈಲ ಉದ್ಯಮದ ಒಕ್ಕೂಟವೇ ಪೆಟ್ರೋಲಿಯಂ ಸಚಿವಾಲಯಕ್ಕೆ ಪತ್ರ ಬರೆದು, ಡೀಸೆಲ್ ಮೇಲೆ ಲೀಟರ್‌ಗೆ 20ರಿಂದ 25 ರೂಪಾಯಿ, ಪೆಟ್ರೋಲ್ ಮೇಲೆ 14ರಿಂದ 18 ರೂಪಾಯಿ ನಷ್ಟವಾಗುತ್ತಿದೆ ಎಂದು ತಿಳಿಸಿತು. ಸಗಟು ಡೀಸೆಲ್‌ಗೆ ಮಾತ್ರ ಮಾರುಕಟ್ಟೆ ದರ ಅನ್ವಯವಾಗುತ್ತಿದ್ದರಿಂದ, ಹಲವು ರಾಜ್ಯಗಳ ಸಾರಿಗೆ ನಿಗಮಗಳು ಡಿಪೊ ಬಿಟ್ಟು ಬೀದಿಯ ಬಂಕ್‌ಗಳಲ್ಲಿ ಬಸ್ ನಿಲ್ಲಿಸತೊಡಗಿದವು. ಖಾಸಗಿ ಬಂಕ್‌ಗಳು ನಷ್ಟ ತಗ್ಗಿಸಲು ಮಾರಾಟವನ್ನೇ ಕಡಿತಗೊಳಿಸಿದವು. ಸರ್ಕಾರ ಏನು ಮಾಡಿತು? ಪರವಾನಗಿ ಪಡೆದ ಎಲ್ಲ ಬಂಕ್‌ಗಳೂ ನಿಗದಿತ ವೇಳೆಯಲ್ಲಿ ತೆರೆದಿರಲೇಬೇಕು, ದಾಸ್ತಾನು ಇಟ್ಟುಕೊಳ್ಳಲೇಬೇಕು ಎಂಬ ಸಾರ್ವತ್ರಿಕ ಸೇವಾ ಹೊಣೆಯನ್ನು ಅವುಗಳ ಮೇಲೂ ಹೊರಿಸಿತು. ದರ ಏರಿಸುವ ಸ್ವಾತಂತ್ರ್ಯ ಕಾಗದದ ಮೇಲೆ ಉಳಿಯಿತು, ಅಂಗಡಿ ಮುಚ್ಚುವ ಸ್ವಾತಂತ್ರ್ಯ ಕಾಗದದ ಮೇಲೂ ಉಳಿಯಲಿಲ್ಲ.

ಮುಂದಿನ ಅಂಕಿಗಳು ಇನ್ನೂ ಕುತೂಹಲಕರ. 2022ರ ಏಪ್ರಿಲ್‌ನಿಂದ ಸೆಪ್ಟೆಂಬರ್‌ವರೆಗೆ ಮೂರು ಸರ್ಕಾರಿ ಕಂಪನಿಗಳು ಒಟ್ಟು 21,201 ಕೋಟಿ ರೂಪಾಯಿ ನಷ್ಟ ತೋರಿಸಿದವು. ನಂತರ ಕಚ್ಚಾ ತೈಲ ಇಳಿಯಿತು, ಬಂಕ್‌ನ ದರ ಇಳಿಯಲಿಲ್ಲ. 2023–24ರಲ್ಲಿ ಅವೇ ಮೂರು ಕಂಪನಿಗಳ ಲಾಭ ಸುಮಾರು 81 ಸಾವಿರ ಕೋಟಿ ರೂಪಾಯಿ. ಲೋಕಸಭಾ ಚುನಾವಣೆ ಘೋಷಣೆಯಾಗುವ ಮುನ್ನಾ ದಿನಗಳಲ್ಲಿ, 2024ರ ಮಾರ್ಚ್‌ನಲ್ಲಿ, ಲೀಟರ್‌ಗೆ ಎರಡು ರೂಪಾಯಿ ಇಳಿಯಿತು. ಗ್ರಾಹಕರಿಗೆ ಸಿಕ್ಕ ಸ್ಥಿರ ಬೆಲೆ ಉಚಿತವಾಗಿ ಸಿಕ್ಕದ್ದಲ್ಲ. ಅಂದು ಕೊಡದ ಹಣವನ್ನು ನಂತರದ ತಿಂಗಳುಗಳಲ್ಲಿ ಕೊಟ್ಟರು, ಅಷ್ಟೇ.

ಸರ್ಕಾರಿ ಕಂಪನಿ ಇಂತಹ ಏರಿಳಿತವನ್ನು ತಾಳಿಕೊಳ್ಳುತ್ತದೆ. ಹಿಂದೆ ಸರ್ಕಾರ ಇದೆ ಎಂಬ ಭರವಸೆಯಲ್ಲಿ ಬ್ಯಾಂಕುಗಳು ಸಾಲ ಕೊಡುತ್ತವೆ, ಒಂದು ವರ್ಷದ ನಷ್ಟವನ್ನು ಮುಂದಿನ ವರ್ಷದ ಲಾಭ ತುಂಬುತ್ತದೆ, ತುಂಬದಿದ್ದರೆ ಬಜೆಟ್ ಇದೆ. ಅಡುಗೆ ಅನಿಲದ ನಷ್ಟಕ್ಕೆಂದು 2022ರ ಅಕ್ಟೋಬರ್‌ನಲ್ಲಿ 22 ಸಾವಿರ ಕೋಟಿ, 2025ರ ಆಗಸ್ಟ್‌ನಲ್ಲಿ 30 ಸಾವಿರ ಕೋಟಿ ರೂಪಾಯಿಗಳನ್ನು ಕೇಂದ್ರ ಸರ್ಕಾರ ಇವುಗಳಿಗೆ ಮಂಜೂರು ಮಾಡಿತು. ಲಂಡನ್ನಿನಲ್ಲೋ ಪ್ಯಾರಿಸ್ಸಿನಲ್ಲೋ ಕುಳಿತ ಆಡಳಿತ ಮಂಡಳಿಗೆ ಭಾರತೀಯ ಶಾಖೆ ‘ಈ ವರ್ಷದ ನಷ್ಟವನ್ನು ಮುಂದೆ ಸರ್ಕಾರ ತುಂಬುತ್ತದೆ’ ಎಂದು ಹೇಳಲಾಗದು. ಚುನಾವಣಾ ವೇಳಾಪಟ್ಟಿಯನ್ನು ಅವಲಂಬಿಸಿದ ಆದಾಯದ ಅಂದಾಜನ್ನು ಅವರು ಯೋಜನಾ ವರದಿಯಲ್ಲಿ ಬರೆಯಲೂ ಸಾಧ್ಯವಿಲ್ಲ.

ಇನ್ನೊಂದು ಪಕ್ಷದ ಮಾತು

ಸರ್ಕಾರಿ ಕಂಪನಿಗಳ ಪರವಾದ ವಾದವನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. 2008ರಲ್ಲಿ ಖಾಸಗಿ ಬಂಕ್‌ಗಳು ಬೀಗ ಹಾಕಿಕೊಂಡಾಗ, 2022ರಲ್ಲಿ ಪಡಿತರದಂತೆ ಡೀಸೆಲ್ ಹಂಚಿದಾಗ ರೈತರ ಟ್ರ್ಯಾಕ್ಟರ್‌ಗಳಿಗೆ, ಬಸ್‌ಗಳಿಗೆ ಇಂಧನ ಕೊಟ್ಟದ್ದು ಸರ್ಕಾರಿ ಬಂಕ್‌ಗಳೇ. ಲಾಭ ಕಡಿಮೆ ಇರುವ ಹಳ್ಳಿಗಳಿಗೆ, ಈಶಾನ್ಯದ ಗುಡ್ಡಗಾಡಿಗೆ ಹೋದವರೂ ಅವರೇ. ಖಾಸಗಿಯವರು ಹೆದ್ದಾರಿ ಮತ್ತು ಮಹಾನಗರಗಳನ್ನು ಆರಿಸಿಕೊಂಡರು. ಉಜ್ವಲಾ ಯೋಜನೆಯ ಕೋಟ್ಯಂತರ ಅಡುಗೆ ಅನಿಲ ಸಂಪರ್ಕಗಳನ್ನು ಮನೆಮನೆಗೆ ತಲುಪಿಸಿದ್ದೂ ಈ ಮೂರು ಕಂಪನಿಗಳ ವಿತರಣಾ ಜಾಲ. ಅಂತರರಾಷ್ಟ್ರೀಯ ಬೆಲೆ ದಿಢೀರನೆ ಏರಿದಾಗ ಅದರ ಬಿಸಿ ಒಂದೇ ದಿನದಲ್ಲಿ ತರಕಾರಿ ಲಾರಿಗೆ ತಟ್ಟದಂತೆ ತಡೆಯುವುದು ಸರ್ಕಾರದ ಕರ್ತವ್ಯ ಎಂದು ವಾದಿಸುವವರ ಬಳಿ 1960ರ ಸೋವಿಯತ್ ತೈಲದ ಉದಾಹರಣೆಯೂ ಇದೆ.

ಇದಕ್ಕೆ ಎದುರಾಳಿಗಳ ಉತ್ತರ: ಖಾಸಗಿಯವರು ಮುಚ್ಚಿದ್ದರಿಂದ ಸರ್ಕಾರಿ ಬಂಕ್‌ಗಳು ಬೇಕಾದವು ಎನ್ನುವುದು ತಲೆಕೆಳಗಾದ ತರ್ಕ, ಸರ್ಕಾರಿ ದರದಿಂದಾಗಿಯೇ ಖಾಸಗಿಯವರು ಮುಚ್ಚಿದರು. ಬಡವರಿಗೆ ಸಹಾಯ ಬೇಕಿದ್ದರೆ ನೇರವಾಗಿ ಖಾತೆಗೆ ಹಣ ಹಾಕಬಹುದು, ಅಡುಗೆ ಅನಿಲದಲ್ಲಿ ಹಾಗೆಯೇ ಮಾಡಿದ್ದೇವಲ್ಲ ಎಂಬುದೂ ಅವರ ಮಾತು.

ಈ ಜಗಳದಲ್ಲಿ ನನಗೆ ಸರಿ ಕಾಣುವುದು ಮೂರನೆಯ ನಿಲುವು. ಬೆಲೆಯ ಆಘಾತವನ್ನು ತಡೆಯುವ ಗುರಿ ತಪ್ಪಲ್ಲ. ಅದರ ಲೆಕ್ಕವನ್ನು ಬಜೆಟ್‌ನಲ್ಲಿ ಬರೆಯದೆ ಕಂಪನಿಯ ಲಾಭ–ನಷ್ಟದ ಪಟ್ಟಿಯೊಳಗೆ ಹೂತಿಡುವುದರಲ್ಲಿ ತೊಂದರೆ ಇದೆ. ಲೀಟರ್‌ಗೆ ಇಷ್ಟು ಸಬ್ಸಿಡಿ, ಯಾವ ಬಂಕ್‌ನಲ್ಲಿ ಕೊಂಡರೂ ಸಿಗುತ್ತದೆ ಎಂದು ಬಹಿರಂಗವಾಗಿ ಘೋಷಿಸಿದರೆ ಗ್ರಾಹಕನಿಗೆ ಅದೇ ರಕ್ಷಣೆ ಸಿಗುತ್ತದೆ, ಹೊಸ ಕಂಪನಿಗೂ ನೆಲ ಸಿಗುತ್ತದೆ. ಅದನ್ನು ಯಾವ ಸರ್ಕಾರವೂ ಮಾಡುವುದಿಲ್ಲ, ಏಕೆಂದರೆ ಆಗ ಸಬ್ಸಿಡಿಯ ಮೊತ್ತ ಎಲ್ಲರಿಗೂ ಕಾಣುತ್ತದೆ.

ಜಾಗ ತುಂಬಿದ ಮೇಲೆ ಸಡಿಲಿಕೆ

ದರದ ಜೊತೆಗೆ ಇನ್ನೊಂದು ಅಡ್ಡಿ ಇದೆ, ಅದು ಬರಿಗಣ್ಣಿಗೆ ಕಾಣುವಂಥದ್ದು. 2018ರ ನವೆಂಬರ್‌ನಲ್ಲಿ ಮೂರು ಸರ್ಕಾರಿ ಕಂಪನಿಗಳು ಒಟ್ಟಾಗಿ 55 ಸಾವಿರಕ್ಕೂ ಹೆಚ್ಚು ಜಾಗಗಳಲ್ಲಿ ಹೊಸ ಬಂಕ್‌ಗಳಿಗೆ ಅರ್ಜಿ ಕರೆದವು. ಅಂದು ದೇಶದಲ್ಲಿದ್ದ ಒಟ್ಟು ಬಂಕ್‌ಗಳ ಸಂಖ್ಯೆಗೆ ಇದು ಹೆಚ್ಚು ಕಡಿಮೆ ಸಮ. ಒಂದು ವರ್ಷದ ನಂತರ, 2019ರ ಅಕ್ಟೋಬರ್‌ನಲ್ಲಿ, ಕೇಂದ್ರ ಸಂಪುಟ 2,000 ಕೋಟಿಯ ಹಳೆಯ ಷರತ್ತನ್ನು ತೆಗೆದು, 250 ಕೋಟಿ ರೂಪಾಯಿ ನಿವ್ವಳ ಮೌಲ್ಯ ಇರುವ ಯಾವ ಕಂಪನಿಯಾದರೂ ಬಂಕ್ ತೆರೆಯಬಹುದು ಎಂದಿತು. ಕನಿಷ್ಠ 100 ಬಂಕ್ ತೆರೆಯಬೇಕು, ಅವುಗಳಲ್ಲಿ ಶೇ 5ರಷ್ಟು ದೂರದ ಪ್ರದೇಶಗಳಲ್ಲಿರಬೇಕು.

ಮೊದಲು ಜಾಗ ಹಿಡಿದು ಆಮೇಲೆ ಬಾಗಿಲು ತೆರೆಯುವ ಉದ್ದೇಶವೇ ಇತ್ತು ಎಂದು ಹೇಳಲು ಆಧಾರವಿಲ್ಲ. ಪರಿಣಾಮವಂತೂ ಅದೇ ಆಯಿತು. 2015ರಲ್ಲಿ ಸುಮಾರು 50 ಸಾವಿರ ಇದ್ದ ಬಂಕ್‌ಗಳು ಹತ್ತು ವರ್ಷದಲ್ಲಿ ಇಮ್ಮಡಿಯಾದವು. ಇಂಧನದ ಬಳಕೆ ಇಮ್ಮಡಿಯಾಗಲಿಲ್ಲ. ಹಾಗಾಗಿ ಒಂದು ಬಂಕ್‌ನ ಸರಾಸರಿ ಮಾರಾಟ ಇಳಿಯಿತು. ಒಳ್ಳೆಯ ಜಾಗ ಸಿಗದು, ಸಿಕ್ಕರೂ ಸಾಕಷ್ಟು ಮಾರಾಟ ಆಗದು ಎಂಬ ಸ್ಥಿತಿಯಲ್ಲಿ ಪರವಾನಗಿ ಶುಲ್ಕ ಎಷ್ಟು ಕಡಿಮೆ ಇದ್ದರೇನು?

ಬಂದವರು ಯಾರ ಕೈ ಹಿಡಿದು ಬಂದರು

ಹಾಗೆಂದು ವಿದೇಶಿ ಕಂಪನಿಗಳು ಬರಲೇ ಇಲ್ಲ ಎನ್ನುವಂತಿಲ್ಲ. ಬಂದ ರೀತಿಯನ್ನು ನೋಡಿ.

ರಷ್ಯಾದ ರಾಸ್‌ನೆಫ್ಟ್ ಮತ್ತು ಪಾಲುದಾರರು 2017ರಲ್ಲಿ 12.9 ಶತಕೋಟಿ ಡಾಲರ್ ಕೊಟ್ಟು ಎಸ್ಸಾರ್ ಆಯಿಲ್‌ನ ಶೇ 98ರಷ್ಟು ಪಾಲನ್ನು ಕೊಂಡರು. ವಾಡಿನಾರ್‌ನ ಶುದ್ಧೀಕರಣ ಘಟಕವೂ ಆಗಲೇ ಇದ್ದ ಸಾವಿರಾರು ಬಂಕ್‌ಗಳೂ ಅದರ ಜೊತೆಗೆ ಬಂದವು. ಈಗ ಅದರ ಹೆಸರು ನಯಾರಾ. ಬ್ರಿಟನ್ನಿನ ಬಿಪಿ 2020ರಲ್ಲಿ ಒಂದು ಶತಕೋಟಿ ಡಾಲರ್ ಕೊಟ್ಟು ರಿಲಯನ್ಸ್‌ನ ಬಂಕ್ ವ್ಯವಹಾರದಲ್ಲಿ ಶೇ 49ರಷ್ಟು ಪಾಲು ಪಡೆಯಿತು. 1,400 ಬಂಕ್‌ಗಳನ್ನು ಐದು ವರ್ಷದಲ್ಲಿ 5,500ಕ್ಕೆ ಏರಿಸುವ ಗುರಿ ಇತ್ತು, 2025ರ ಕೊನೆಗೆ ಸಂಖ್ಯೆ ಎರಡು ಸಾವಿರದ ಆಸುಪಾಸಿನಲ್ಲಿತ್ತು. ಯಾರ ಕೈಯನ್ನೂ ಹಿಡಿಯದೆ ಬಂದ ಶೆಲ್, ಎರಡು ಸಾವಿರ ಬಂಕ್‌ಗಳ ಪರವಾನಗಿ ಪಡೆದು ಎರಡು ದಶಕಗಳಾದ ಮೇಲೆ ಸುಮಾರು 350ರಲ್ಲಿ ನಿಂತಿದೆ. ಬೆಂಗಳೂರಿನವರಿಗೆ ಅದರ ಹಳದಿ ಚಿಪ್ಪಿನ ಗುರುತು ಪರಿಚಿತ. ಹಳ್ಳಿಗಾಡಿನ ರಸ್ತೆಗಳಲ್ಲಿ ಅದು ಅಪರೂಪ. ಸ್ವಂತ ಶುದ್ಧೀಕರಣ ಘಟಕ ಇಲ್ಲಿಲ್ಲದ ಅದಕ್ಕೆ ದುಬಾರಿ ಪೆಟ್ರೋಲ್, ಲೂಬ್ರಿಕೆಂಟ್, ಶುಚಿಯಾದ ಶೌಚಾಲಯ, ಕಾಫಿಗೆ ಹಣ ಕೊಡುವ ನಗರದ ಗ್ರಾಹಕರೇ ಆಧಾರ.

ನಾಲ್ಕನೆಯ ದಾರಿ ಸರ್ಕಾರಿ ಕಂಪನಿಯ ಜೊತೆಗೇ ಕೈಜೋಡಿಸುವುದು. ಮಂಗಳೂರಿನ ಎಂಆರ್‌ಪಿಎಲ್ ಒಎನ್‌ಜಿಸಿಯ ಅಂಗಸಂಸ್ಥೆಯಾದ ತೈಲ ಶುದ್ಧೀಕರಣ ಕಂಪನಿ. ಅದರ ಜೊತೆ ಸಮಪಾಲಿನ ಕಂಪನಿ ಮಾಡಿಕೊಂಡು ಶೆಲ್ ವಿಮಾನ ಇಂಧನ ಮಾರುತ್ತದೆ. ಬಂಕ್‌ನಲ್ಲಿ ಸಾಧ್ಯವಾಗದ್ದು ವಿಮಾನ ನಿಲ್ದಾಣದಲ್ಲಿ ಏಕೆ ಸಾಧ್ಯವಾಯಿತು? ವಿಮಾನ ಇಂಧನದ ಬೆಲೆಗೆ ಮತದಾರರಿಲ್ಲ. ಬೆಲೆ ಮಾರುಕಟ್ಟೆಯ ಜೊತೆ ಚಲಿಸುವಲ್ಲಿ ಅದೇ ಸರ್ಕಾರಿ ಒಡೆತನ ವಿದೇಶಿ ಕಂಪನಿಗೆ ಅಡ್ಡಿಯಾಗದೆ ಪಾಲುದಾರನಾಗಿ ಒದಗಿತು.

ಇಡೀ ಸರ್ಕಾರಿ ಕಂಪನಿಯನ್ನೇ ಮಾರುವ ಪ್ರಯತ್ನವೂ ನಡೆಯಿತು. 2019ರ ನವೆಂಬರ್‌ನಲ್ಲಿ ಭಾರತ್ ಪೆಟ್ರೋಲಿಯಂನ (ಬಿಪಿಸಿಎಲ್) ಶೇ 52.98ರಷ್ಟು ಪಾಲನ್ನು ಮಾರಲು ಸಂಪುಟ ಒಪ್ಪಿತು. ವಿದೇಶಿಯರು ಕೊಳ್ಳಲಿ ಎಂದು 2021ರಲ್ಲಿ ಹೂಡಿಕೆ ಮಿತಿಯನ್ನೂ ಶೇ 100ಕ್ಕೆ ಏರಿಸಿತು. ಆಸಕ್ತಿ ತೋರಿದ ಮೂವರಲ್ಲಿ ಇಬ್ಬರು ಹಿಂದೆ ಸರಿದು, 2022ರ ಮೇ ತಿಂಗಳಲ್ಲಿ ಪ್ರಕ್ರಿಯೆ ರದ್ದಾಯಿತು. ಬಂಕ್‌ನ ದರವನ್ನು ತಡೆಹಿಡಿದಿದ್ದ ಅದೇ ತಿಂಗಳುಗಳು ಅವು. ದರ ನಿರ್ಧರಿಸುವ ಅಧಿಕಾರ ತನ್ನ ಕೈಯಲ್ಲಿರದ ಕಂಪನಿಯನ್ನು ಯಾರು, ಎಷ್ಟಕ್ಕೆ ಕೊಳ್ಳಬೇಕು?

ಇದರಿಂದ ಹೊಮ್ಮುವ ಒಂದು ಪರಿಣಾಮವನ್ನು ಎಡ–ಬಲ ಎರಡೂ ಕಡೆಯವರು ಕಡೆಗಣಿಸುತ್ತಾರೆ. ಸರ್ಕಾರಿ ಕಂಪನಿಗಳ ಪ್ರಾಬಲ್ಯದಿಂದ ಲಾಭವಾಗುವುದು ಆ ಕಂಪನಿಗಳಿಗಷ್ಟೇ ಅಲ್ಲ, ದೇಶದ ಅತಿ ದೊಡ್ಡ ಖಾಸಗಿ ಉದ್ಯಮ ಸಮೂಹಗಳಿಗೂ ಆಗುತ್ತದೆ. ದರದ ಅನಿಶ್ಚಿತತೆಯನ್ನು ತಾಳಿಕೊಳ್ಳುವ ಶಕ್ತಿ ಅವುಗಳಿಗೆ ಮಾತ್ರ ಇದೆ: ಒಳನಾಡಿನಲ್ಲಿ ನಷ್ಟವಾದರೆ ಅವು ಡೀಸೆಲ್ಲನ್ನು ರಫ್ತು ಮಾಡುತ್ತವೆ, ದೆಹಲಿಯ ಗಾಳಿ ಯಾವ ಕಡೆ ಬೀಸುತ್ತದೆ ಎಂಬುದನ್ನೂ ಬಲ್ಲವು. ಹೊರಗಿನಿಂದ ಬರುವವನಿಗೆ ಅವರ ಪಾಲುದಾರಿಕೆ ವಿಮೆಯಂತೆ ಬೇಕಾಗುತ್ತದೆ. ಸರ್ಕಾರಿ ಪ್ರಾಬಲ್ಯ ಖಾಸಗಿ ದೈತ್ಯರನ್ನು ಅಂಕೆಯಲ್ಲಿಡುತ್ತದೆ ಎಂದು ನಂಬಿದವರು ಈ ಫಲಿತಾಂಶವನ್ನು ನಿರೀಕ್ಷಿಸಿರಲಾರರು. ಪೂರ್ತಿ ಕಾಣೆಯಾಗಿರುವುದು ಮಧ್ಯಮ ಗಾತ್ರದ ಹೊಸ ವಿದೇಶಿ ಕಂಪನಿ.

ಒಡೆತನವೇ ಅಡ್ಡಿ ಎನ್ನಲಾಗದು

ದೂರಸಂಪರ್ಕ ಕ್ಷೇತ್ರ ಇದಕ್ಕೆ ಸಾಕ್ಷಿ. ಬಿಎಸ್‌ಎನ್‌ಎಲ್‌ಗೆ 2019ರಿಂದ 2023ರವರೆಗೆ ಮೂರು ಕಂತುಗಳಲ್ಲಿ ಘೋಷಿಸಿದ ನೆರವಿನ ಮೊತ್ತ 3.2 ಲಕ್ಷ ಕೋಟಿ ರೂಪಾಯಿ ದಾಟುತ್ತದೆ. ಬೇರೆ ಕ್ಷೇತ್ರದಲ್ಲಾಗಿದ್ದರೆ ಇಷ್ಟು ಹಣ ಎಲ್ಲ ಪ್ರತಿಸ್ಪರ್ಧಿಗಳನ್ನೂ ಓಡಿಸುತ್ತಿತ್ತು. ಆದರೆ ಟೆಲೆನಾರ್, ಡೊಕೊಮೊದಂತಹ ವಿದೇಶಿ ಕಂಪನಿಗಳು ಹೊರಟದ್ದು ಬಿಎಸ್‌ಎನ್‌ಎಲ್‌ಗೆ ಹೆದರಿ ಅಲ್ಲ. 2012ರಲ್ಲಿ ಸುಪ್ರೀಂ ಕೋರ್ಟ್ 122 ಪರವಾನಗಿಗಳನ್ನು ರದ್ದು ಮಾಡಿತ್ತು, ಸಾಲದ ಹೊರೆ ಇತ್ತು, 2016ರ ನಂತರ ಜಿಯೊ ಹೂಡಿದ ದರ ಸಮರ ಇತ್ತು. ಸರ್ಕಾರಿ ಕಂಪನಿ ಮಾರುಕಟ್ಟೆಯ ದರವನ್ನು ನಿರ್ಧರಿಸುವ ಸ್ಥಿತಿಯಲ್ಲಿರಲಿಲ್ಲ, ಪ್ರತ್ಯೇಕ ನಿಯಂತ್ರಕ ಸಂಸ್ಥೆಯೂ ಇತ್ತು. ಸರ್ಕಾರಿ ಕಲ್ಲಿದ್ದಲು ಕಂಪನಿಯಾದ ಕೋಲ್ ಇಂಡಿಯಾದ ಪ್ರಕರಣದಲ್ಲಿ 2023ರ ಜೂನ್‌ನಲ್ಲಿ ಸುಪ್ರೀಂ ಕೋರ್ಟ್, ಸ್ಪರ್ಧಾ ಕಾಯ್ದೆ ಸರ್ಕಾರಿ ಕಂಪನಿಗಳಿಗೂ ಅನ್ವಯಿಸುತ್ತದೆ ಎಂದು ಸ್ಪಷ್ಟಪಡಿಸಿದೆ. ಒಡೆಯ ಯಾರು ಎಂಬುದಕ್ಕಿಂತ, ದರವನ್ನು ಯಾರು ನಿರ್ಧರಿಸುತ್ತಾರೆ, ನಷ್ಟವನ್ನು ಯಾರಿಗೆ ತುಂಬಿಕೊಡುತ್ತಾರೆ, ತಕರಾರು ಬಂದರೆ ಯಾರು ತೀರ್ಮಾನ ಮಾಡುತ್ತಾರೆ ಎಂಬ ಪ್ರಶ್ನೆಗಳು ಹೆಚ್ಚು ತೂಕದವು.

ವಿಮೆಗೆ ಈ ಅಳತೆಗೋಲು ಹಿಡಿದರೆ

1956ರಲ್ಲಿ 245 ಸಂಸ್ಥೆಗಳನ್ನು ಒಂದುಗೂಡಿಸಿ ಎಲ್‌ಐಸಿ ಕಟ್ಟಲಾಯಿತು. ಖಾಸಗಿಯವರಿಗೆ 2000ದಲ್ಲಿ ಬಾಗಿಲು ತೆರೆಯಿತು, ವಿದೇಶಿ ಪಾಲಿಗೆ ಶೇ 26ರ ಮಿತಿಯೊಂದಿಗೆ. ಅದು 2015ರಲ್ಲಿ 49, 2021ರಲ್ಲಿ 74 ಆಗಿ ಈಗ 100ಕ್ಕೆ ಬಂದಿದೆ. ಎಲ್‌ಐಸಿ ಇಂದಿಗೂ ಜೀವ ವಿಮೆಯ ಹೊಸ ಪ್ರೀಮಿಯಂನಲ್ಲಿ ಅರ್ಧಕ್ಕಿಂತ ಹೆಚ್ಚು ಪಾಲು ಹೊಂದಿದೆ. 14 ಲಕ್ಷದ ಆಸುಪಾಸು ಏಜೆಂಟರಿದ್ದಾರೆ. ಅದರ ಪಾಲಿಸಿಗಳಿಗೆ ಕೇಂದ್ರ ಸರ್ಕಾರದ ಖಾತರಿ ಇದೆ ಎಂದು ಎಲ್‌ಐಸಿ ಕಾಯ್ದೆಯ 37ನೇ ಸೆಕ್ಷನ್ ಹೇಳುತ್ತದೆ; ಇನ್ನಾವ ಕಂಪನಿಗೂ ಆ ಭಾಗ್ಯವಿಲ್ಲ.

ಆದರೂ ಇಪ್ಪತ್ತೈದು ವರ್ಷದಲ್ಲಿ ಖಾಸಗಿಯವರು ಐದರಲ್ಲಿ ಎರಡು ಪಾಲು ಗಳಿಸಿದ್ದಾರೆ. ಬಂಕ್‌ಗಳಲ್ಲಿ ಆಗದ್ದು ಇಲ್ಲಿ ಆಗಿದೆ. ಚುನಾವಣೆ ಬಂತೆಂದು ಎಲ್‌ಐಸಿಯ ಪ್ರೀಮಿಯಂ ಸ್ಥಗಿತವಾಗುವುದಿಲ್ಲ. ನಷ್ಟಕ್ಕೆ ಪಾಲಿಸಿ ಮಾರು ಎಂದು ಯಾರೂ ಅದಕ್ಕೆ ಹೇಳುವುದಿಲ್ಲ. ನಿಯಂತ್ರಣಕ್ಕೆ ವಿಮಾ ಪ್ರಾಧಿಕಾರ ಬೇರೆಯೇ ಇದೆ. ಎಲ್‌ಐಸಿಯ ಮೇಲುಗೈ ದೊಡ್ಡದೇ ಇರಬಹುದು, ಅದು ಮುಂಚಿತವಾಗಿ ತಿಳಿದಿರುವ ಮೇಲುಗೈ. ತಿಳಿದಿರುವ ಅನನುಕೂಲವನ್ನು ವ್ಯಾಪಾರಿ ಲೆಕ್ಕಕ್ಕೆ ಹಾಕಿಕೊಳ್ಳಬಲ್ಲ.

ವಿಮೆಯಲ್ಲಿ ನಿಜವಾದ ಅಡ್ಡಿ ಮಾರಾಟದ ದಾರಿ. ಪಾಲಿಸಿ ಮಾರಲು ಏಜೆಂಟರ ಪಡೆ ಬೇಕು, ಇಲ್ಲವೇ ಬ್ಯಾಂಕ್ ಶಾಖೆಗಳು ಬೇಕು. ಬ್ಯಾಂಕ್ ಶಾಖೆಗಳ ದೊಡ್ಡ ಪಾಲು ಮತ್ತೆ ಸರ್ಕಾರಿ ಬ್ಯಾಂಕ್‌ಗಳದ್ದು. ಎಸ್‌ಬಿಐ ಲೈಫ್ ಶುರುವಾದದ್ದು ಫ್ರಾನ್ಸಿನ ಬಿಎನ್‌ಪಿ ಪರಿಬಾ ಜೊತೆ ಸೇರಿ. ಮಂಗಳೂರಿನಲ್ಲಿ ಹುಟ್ಟಿ ಬೆಂಗಳೂರಿನಲ್ಲಿ ನೆಲೆಸಿದ ಕೆನರಾ ಬ್ಯಾಂಕ್ ಎಚ್‌ಎಸ್‌ಬಿಸಿ ಜೊತೆ ಕಟ್ಟಿದ ಜೀವ ವಿಮಾ ಕಂಪನಿ 2025ರ ಅಕ್ಟೋಬರ್‌ನಲ್ಲಿ ಷೇರುಪೇಟೆಗೂ ಬಂತು. ಇಲ್ಲಿ ಸರ್ಕಾರಿ ಸಂಸ್ಥೆಯೇ ವಿದೇಶಿ ಕಂಪನಿಯನ್ನು ಒಳಗೆ ಕರೆತಂದಿದೆ. ಒಂದು ಬ್ಯಾಂಕ್ ಜೀವ ವಿಮೆಯಲ್ಲಿ ಒಂಬತ್ತು ಕಂಪನಿಗಳ ಪಾಲಿಸಿ ಮಾರಬಹುದು ಎಂದು 2022ರಲ್ಲಿ ನಿಯಮ ಸಡಿಲವಾಗಿದೆ. ತನ್ನದೇ ಪಾಲು ಇರುವ ಕಂಪನಿಯನ್ನು ಬಿಟ್ಟು ಹೊಸಬರ ಪಾಲಿಸಿಯನ್ನು ಉತ್ಸಾಹದಿಂದ ಮಾರುವ ಬ್ಯಾಂಕ್ ಮಾತ್ರ ಸಿಗುವುದು ಕಷ್ಟ.

ಹಾಗಾಗಿ ಶೇ 100ರ ಮೊದಲ ಫಲ ಹೊಸ ಕಂಪನಿಗಳ ದಂಡು ಆಗಿರಲಾರದು. ಈಗಾಗಲೇ ಇರುವ ಜಂಟಿ ಕಂಪನಿಗಳಲ್ಲಿ ವಿದೇಶಿ ಪಾಲುದಾರರು ತಮ್ಮ ಪಾಲನ್ನು ಹೆಚ್ಚಿಸಿಕೊಳ್ಳುವುದು, ಹಳೆಯ ಜೋಡಿಗಳು ಮುರಿದು ಹೊಸ ಜೋಡಿಗಳಾಗುವುದು ಹೆಚ್ಚು ಸಂಭವನೀಯ. ಜರ್ಮನಿಯ ಅಲಿಯಾನ್ಸ್ 2025ರಲ್ಲಿ ಬಜಾಜ್‌ನಿಂದ ಹೊರಬರಲು ತೀರ್ಮಾನಿಸಿ, ಅದೇ ವರ್ಷ ಮರುವಿಮೆಗಾಗಿ ಜಿಯೊ ಫೈನಾನ್ಷಿಯಲ್ ಜೊತೆ ಕೈಜೋಡಿಸಿತು. ಮಿತಿ ಹೋಗುತ್ತದೆ ಎಂಬುದು ಆಗಲೇ ಬಜೆಟ್‌ನಲ್ಲಿ ಘೋಷಣೆಯಾಗಿತ್ತು. ಆದರೂ ಆ ಕಂಪನಿ ಆರಿಸಿಕೊಂಡದ್ದು ಏಕಾಂಗಿ ದಾರಿಯನ್ನಲ್ಲ.

ಮರುವಿಮೆ, ಅಂದರೆ ವಿಮಾ ಕಂಪನಿಗಳೇ ತಮ್ಮ ಅಪಾಯಕ್ಕೆ ಮಾಡಿಸುವ ವಿಮೆ, ಈ ಮಾತಿನಲ್ಲಿ ವಿಶೇಷ ಗಮನಕ್ಕೆ ಅರ್ಹ. ವಿದೇಶಿ ಮರುವಿಮಾ ಕಂಪನಿಗಳ ನಿವ್ವಳ ಸ್ವಂತ ನಿಧಿಯ, ಅಂದರೆ ಸಾಲ ಕಳೆದು ಉಳಿಯುವ ಸ್ವಂತ ಹಣದ, ಷರತ್ತನ್ನು ಹೊಸ ಕಾನೂನು 5,000 ಕೋಟಿಯಿಂದ 1,000 ಕೋಟಿ ರೂಪಾಯಿಗೆ ಇಳಿಸಿದೆ. ಮ್ಯೂನಿಕ್ ರೀ, ಸ್ವಿಸ್ ರೀಯಂತಹ ಕಂಪನಿಗಳ ಶಾಖೆಗಳು ಇಲ್ಲಿ ಮೊದಲೇ ಇವೆ. ಆದರೆ ಸಾಮಾನ್ಯ ವಿಮಾ ಕಂಪನಿಗಳು ತಮ್ಮ ಪ್ರತಿ ಪಾಲಿಸಿಯ ಒಂದು ನಿಶ್ಚಿತ ಭಾಗವನ್ನು ಸರ್ಕಾರಿ ಒಡೆತನದ ಜಿಐಸಿ ರೀಗೆ ಕಡ್ಡಾಯವಾಗಿ ಕೊಡಬೇಕು. ಉಳಿದದ್ದನ್ನು ಕೊಡುವಾಗಲೂ ಸ್ವದೇಶಿ ಮರುವಿಮಾ ಕಂಪನಿಗೆ ಮೊದಲ ಆದ್ಯತೆ. ಕಡ್ಡಾಯದ ಆ ಭಾಗ ಹಿಂದೆ ಶೇ 20 ಇತ್ತು, ಹಂತಹಂತವಾಗಿ ಇಳಿದು 2022–23ರಿಂದ ಶೇ 4ಕ್ಕೆ ಬಂದಿದೆ. ಹಣಕಾಸು ವರ್ಷ ಬದಲಾಗುವ ಹೊತ್ತಿಗೆ ಈ ಪ್ರಮಾಣದ ಅಧಿಸೂಚನೆ ಹೊರಬೀಳುತ್ತದೆ, ಪತ್ರಿಕೆಗಳ ಒಳಪುಟದಲ್ಲಿ ನಾಲ್ಕು ಸಾಲಿನ ಸುದ್ದಿಯಾಗಿ. ವಿದೇಶಿ ಕಂಪನಿಗಳ ಮುಂಬೈ ಕಚೇರಿಗಳಲ್ಲಿ ಆ ನಾಲ್ಕು ಸಾಲನ್ನು ಓದುವಷ್ಟು ಎಚ್ಚರಿಕೆಯಿಂದ ಶೇ 100ರ ಶೀರ್ಷಿಕೆಯನ್ನು ಯಾರೂ ಓದಿರಲಾರರು.